ಕೆಲಸಗಾರರೇ ಒಪ್ಪಿ ಸಹಿ ಹಾಕಿದ್ದಾರೆ, ಆದರೂ ಕನಿಷ್ಠ ವೇತನ ಕೊಡಲೇಬೇಕಾ?

ಪ್ರಶ್ನೆ: ನಮ್ಮದು ಸಿದ್ಧ ಉಡುಪು ಹೊಲಿಯುವ ಚಿಕ್ಕ ಘಟಕ. ದೊಡ್ಡ ಕಂಪನಿಯೊಂದಕ್ಕೆ ಜಾಬ್ ವರ್ಕ್ ಮಾಡಿಕೊಡುತ್ತೇವೆ. 14 ಜನ ಕೆಲಸ ಮಾಡುತ್ತಾರೆ, ಹೆಚ್ಚಿನವರು ಹೆಂಗಸರು. ಕೂಲಿ ಪೀಸ್ ಲೆಕ್ಕದಲ್ಲಿ. ಕೆಲಸಕ್ಕೆ ಸೇರುವಾಗಲೇ ಎಲ್ಲವನ್ನೂ ಹೇಳಿ, ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡಿದ್ದೇನೆ. ಯಾರದೂ ತಕರಾರಿಲ್ಲ. ಇಬ್ಬರಿಗೆ ಉಳಿಯಲು ರೂಮ್ ಕೊಟ್ಟಿದ್ದೇನೆ. ಕಲಿಯಲು ಬಂದವರಿಗೆ ಮೊದಲ ಮೂರು ತಿಂಗಳು ಅರ್ಧ ಕೂಲಿ. ವಾಚ್‌ಮನ್ ಮತ್ತು ಕ್ಲೀನಿಂಗ್‌ನವರು ಏಜೆನ್ಸಿ ಕಡೆಯವರು. ಈಗ ಪರಿಚಯದವರೊಬ್ಬರು, ನೀವು ಕೊಡುತ್ತಿರುವುದು ಸರ್ಕಾರದ ಕನಿಷ್ಠ ವೇತನಕ್ಕಿಂತ ಕಡಿಮೆ, ಕೇಸ್ ಆಗುತ್ತದೆ ಎಂದಿದ್ದಾರೆ. ನಮ್ಮಂಥ ಸಣ್ಣವರಿಗೂ ಇದು ಅನ್ವಯಿಸುತ್ತದಾ? ಕಂಪನಿ ರೇಟ್ ಜಾಸ್ತಿ ಮಾಡುತ್ತಿಲ್ಲ. ನಾನು ಎಲ್ಲಿಂದ ತಂದು ಕೊಡಲಿ?

ಉತ್ತರ: ಅನ್ವಯಿಸುತ್ತದೆ. 14 ಜನ ಇದ್ದರೂ ಅಷ್ಟೇ, ನಾಲ್ಕು ಜನ ಇದ್ದರೂ ಅಷ್ಟೇ. ಸಹಿ ಹಾಕಿದ ಪೇಪರ್ ನಿಮ್ಮನ್ನು ಕಾಪಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇನ್ನು ನಿಮ್ಮ ಪತ್ರದೊಳಗೆ ಆರೇಳು ಪ್ರಶ್ನೆಗಳು ಸೇರಿಕೊಂಡಿವೆ. ಕೆಲವಕ್ಕೆ ಒಂದೆರಡು ಮಾತು ಸಾಕು. ಕೆಲವನ್ನು ಲೆಕ್ಕ ಹಾಕಿ ತೋರಿಸಬೇಕು.

ಈಗ ಜಾರಿಯಲ್ಲಿರುವ ಕಾನೂನು ಯಾವುದು ಎಂಬುದರಿಂದ ಶುರು ಮಾಡೋಣ. ತುಂಬಾ ವರ್ಷ ನಾವೆಲ್ಲ 1948ರ ಕನಿಷ್ಠ ವೇತನ ಕಾಯ್ದೆಯ ಬಗ್ಗೆ ಮಾತಾಡುತ್ತಿದ್ದೆವು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ವೇತನ ಸಂಹಿತೆ, 2019 ಬಂದಿದೆ. 1936ರ ವೇತನ ಪಾವತಿ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ, ಈ ಮೂರೂ ಅದರೊಳಗೇ ಸೇರಿವೆ. ಹಳೆಯ ಕಾಯ್ದೆಗೆ ಒಂದು ಪಟ್ಟಿ ಇತ್ತು. ಆ ಪಟ್ಟಿಯಲ್ಲಿರುವ ಉದ್ಯೋಗಗಳಿಗೆ ಮಾತ್ರ ಕನಿಷ್ಠ ವೇತನ ನಿಗದಿಯಾಗುತ್ತಿತ್ತು. ನಮ್ಮ ಕೆಲಸ ಪಟ್ಟಿಯಲ್ಲಿಲ್ಲ ಎಂದು ವಾದ ಮಾಡಲು ಆಗ ಜಾಗವಿತ್ತು. ಈಗ ಆ ಪಟ್ಟಿಯೇ ಇಲ್ಲ. ಸರ್ಕಾರ ಗೊತ್ತುಪಡಿಸಿದ ದರಕ್ಕಿಂತ ಕಡಿಮೆ ವೇತನವನ್ನು ಯಾವ ಮಾಲೀಕರೂ ಯಾವ ನೌಕರರಿಗೂ ಕೊಡಬಾರದು ಎಂದು ಸಂಹಿತೆಯ 5ನೇ ಸೆಕ್ಷನ್ ಹೇಳುತ್ತದೆ. ಇಷ್ಟು ಜನಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ ಎಂಬ ಮಾತು ಅದರಲ್ಲಿಲ್ಲ. ನಿಮ್ಮ ಹೊಲಿಗೆ ಕೆಲಸವಂತೂ ಕರ್ನಾಟಕದಲ್ಲಿ ಹಳೆಯ ಪಟ್ಟಿಯಲ್ಲೂ ಇತ್ತು, ಹಾಗಾಗಿ ನಿಮಗೆ ಈ ಜವಾಬ್ದಾರಿ ಹೊಸದೇನಲ್ಲ. ಹಳೆಯ ಕಾಯ್ದೆಯ ಕೆಳಗೆ ಹೊರಡಿಸಿದ ಅಧಿಸೂಚನೆಗಳು, ಸಂಹಿತೆಗೆ ವಿರುದ್ಧವಾಗಿಲ್ಲದಿದ್ದರೆ, ಹೊಸವು ಬರುವ ತನಕ ನಡೆಯುತ್ತವೆ. ಕಾಯ್ದೆ ರದ್ದಾಗಿದೆ, ಆದ್ದರಿಂದ ಸದ್ಯಕ್ಕೆ ದರವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಸಹಿಯ ವಿಷಯ. ಇಡೀ ಕನಿಷ್ಠ ವೇತನದ ಕಾನೂನು ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅವರೇ ಒಪ್ಪಿದ್ದಾರಲ್ಲ ಎಂದು ನೀವು ಕೇಳುವುದು ಸಹಜ. ಬೇರೆ ವ್ಯವಹಾರಗಳಲ್ಲಿ ಇಬ್ಬರು ಒಪ್ಪಿದರೆ ಮುಗಿಯಿತು, ಅಲ್ವಾ? ಇಲ್ಲಿ ಹಾಗಲ್ಲ. ಸಂಹಿತೆಯಡಿ ಬರಬೇಕಾದ ವೇತನದ ಹಕ್ಕನ್ನು ನೌಕರ ಬಿಟ್ಟುಕೊಡುವ ಯಾವ ಒಪ್ಪಂದಕ್ಕೂ ಬೆಲೆ ಇಲ್ಲ ಎಂದು 60ನೇ ಸೆಕ್ಷನ್ ಹೇಳುತ್ತದೆ. 1948ರ ಕಾಯ್ದೆಯ 25ನೇ ಸೆಕ್ಷನ್ ಹೇಳಿದ್ದೂ ಇದನ್ನೇ. ಸ್ಟ್ಯಾಂಪ್ ಪೇಪರ್ ಆಗಲಿ, ನೋಟರಿ ಆಗಲಿ, ಸಾಕ್ಷಿಗಳಾಗಲಿ, ಇದರಲ್ಲಿ ಯಾವ ವ್ಯತ್ಯಾಸವನ್ನೂ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ ಆ ಪೇಪರ್ ನಿಮಗೇ ತಿರುಗಿ ಬೀಳಬಹುದು. ಎಷ್ಟು ಕಡಿಮೆ ಕೊಡುತ್ತಿದ್ದಿರಿ, ಯಾವಾಗಿನಿಂದ ಕೊಡುತ್ತಿದ್ದಿರಿ ಎಂಬುದಕ್ಕೆ ಅದೇ ಲಿಖಿತ ಸಾಕ್ಷಿ.

ನಿಮ್ಮ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ 1954ರಲ್ಲೇ ಹೆಚ್ಚು ಕಡಿಮೆ ಇದೇ ರೂಪದಲ್ಲಿ ಬಂದಿತ್ತು. ಆಗಿನ ಅಜ್ಮೇರ್ ರಾಜ್ಯದಲ್ಲಿ ಬಿಜಯ್ ಕಾಟನ್ ಮಿಲ್ಸ್ ಎಂಬ ಬಟ್ಟೆ ಗಿರಣಿ ಇತ್ತು. ಸರ್ಕಾರ ತಿಂಗಳಿಗೆ 56 ರೂಪಾಯಿ ಕನಿಷ್ಠ ವೇತನ ಎಂದು ನಿಗದಿ ಮಾಡಿತು. ಅಷ್ಟು ಕೊಡಲು ನಮ್ಮಿಂದಾಗದು ಎಂದು ಗಿರಣಿ ಹೇಳಿತು. 35 ರೂಪಾಯಿಗೇ ಕೆಲಸ ಮಾಡುತ್ತೇವೆ ಎಂದು ಬಹಳಷ್ಟು ಕಾರ್ಮಿಕರೂ ಮುಂದೆ ಬಂದರು. ಮಾಲೀಕರೂ ಒಪ್ಪಿದ್ದಾರೆ, ಕಾರ್ಮಿಕರೂ ಒಪ್ಪಿದ್ದಾರೆ, ಸರ್ಕಾರಕ್ಕೇನು ಕೆಲಸ ಎಂಬುದು ವಾದ. ಕೋರ್ಟ್ ಅದನ್ನು ಒಪ್ಪಲಿಲ್ಲ. ಬಡತನ ಮತ್ತು ಅಸಹಾಯಕತೆಯಿಂದ ಕಾರ್ಮಿಕರು ಕಡಿಮೆ ಕೂಲಿಗೆ ಒಪ್ಪಿಕೊಳ್ಳಬಹುದು, ಅದಕ್ಕೇ ಈ ಕಾನೂನು ಇರುವುದು ಎಂಬ ನಿಲುವು ತೆಗೆದುಕೊಂಡಿತು. ಕೆಲವು ಮಾಲೀಕರಿಗೆ ಕಷ್ಟವಾಗುತ್ತದೆ ಎಂಬುದು ಕಾನೂನನ್ನು ತೆಗೆದುಹಾಕಲು ಕಾರಣವಲ್ಲ ಎಂದಿತು.

1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡಗಳು ಏಳುತ್ತಿದ್ದವು. ಅಲ್ಲಿನ ಕೂಲಿಗಳ ಪರವಾಗಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಸ್ಥೆ ಅರ್ಜಿ ಹಾಕಿತ್ತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ಕೆಲಸ ಮಾಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ಕೋರ್ಟ್ ಹೇಳಿತು. ಯಾರೂ ಹೊಡೆದು ಬಡಿದು ಕೆಲಸ ಮಾಡಿಸುತ್ತಿರಲಿಲ್ಲ. ಆದರೆ ಹಸಿವು ಮತ್ತು ಬೇರೆ ದಾರಿ ಇಲ್ಲದಿರುವುದು ಕೂಡ ಬಲವಂತವೇ ಎಂಬುದು ಆ ತೀರ್ಪಿನ ಸಾರ. ನೀವು ಬಲವಂತ ಮಾಡುವವರಲ್ಲ ಎಂಬುದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಆದರೂ ಯಾರದೂ ತಕರಾರಿಲ್ಲ ಎಂಬ ನಿಮ್ಮ ಮಾತನ್ನು ಈ ತೀರ್ಪಿನ ಪಕ್ಕದಲ್ಲಿಟ್ಟು ಒಮ್ಮೆ ಯೋಚಿಸಿ ನೋಡಿ. ತಕರಾರು ಮಾಡಿದರೆ ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ ಅವರಿಗೆ ಇದ್ದೇ ಇರುತ್ತದೆ.

ಎಲ್ಲಿಂದ ತಂದು ಕೊಡಲಿ ಎಂಬ ಪ್ರಶ್ನೆಗೂ ಕಾನೂನಿನ ಉತ್ತರ ಕಟುವಾಗಿದೆ. 1961ರಲ್ಲಿ ಕೇರಳದ ಹೆಂಚಿನ ಕಾರ್ಖಾನೆಗಳವರು ಉನಿಚೋಯಿ ಪ್ರಕರಣದಲ್ಲಿ ಇದನ್ನೇ ಕೇಳಿದ್ದರು. ಕನಿಷ್ಠ ವೇತನ ನಿಗದಿ ಮಾಡುವಾಗ ಮಾಲೀಕರ ಕೊಡುವ ಶಕ್ತಿಯನ್ನು ನೋಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯವೇತನ (ಕನಿಷ್ಠಕ್ಕಿಂತ ಮೇಲಿನ ನ್ಯಾಯವಾದ ಸಂಬಳ), ಬೋನಸ್ ಇವುಗಳ ಮಾತು ಬಂದಾಗ ಉದ್ಯಮದ ಶಕ್ತಿ ಲೆಕ್ಕಕ್ಕೆ ಬರುತ್ತದೆ. ತಳಮಟ್ಟದ ವೇತನಕ್ಕೆ ಬರುವುದಿಲ್ಲ. ಯಾಕೆಂದರೆ ಆ ದರವನ್ನು ಕಟ್ಟಿರುವುದೇ ಬದುಕಲು ಬೇಕಾದ ಲೆಕ್ಕದ ಮೇಲೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕೊಟ್ಟ ಸೂತ್ರ ಹೀಗಿದೆ: ದುಡಿಯುವ ಒಬ್ಬರ ಮೇಲೆ ಮೂರು ಬಳಕೆ ಘಟಕಗಳಷ್ಟು (ಮೂವರು ವಯಸ್ಕರ ಬಳಕೆಗೆ ಸಮನಾದ) ಕುಟುಂಬ, ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಉರುವಲು ಮತ್ತು ದೀಪದಂಥ ಖರ್ಚಿಗೆ ಒಟ್ಟಿನ ಶೇ 20. ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವುಗಳಿಗೆ ಇನ್ನೂ ಶೇ 25 ಸೇರಬೇಕು ಎಂದು ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಪಟ್ಟಿಯಲ್ಲಿ ಯಾವುದನ್ನು ಬಿಡಬಹುದು ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಅದಕ್ಕೇ ಇದಕ್ಕೆ ಚೌಕಾಸಿ ಇಲ್ಲ.

ನಿಮ್ಮ ಘಟಕದಲ್ಲಿ ಜಾಸ್ತಿ ಗೊಂದಲ ಇರುವುದು ಪೀಸ್ ಲೆಕ್ಕದಲ್ಲಿ. ಪೀಸ್ ರೇಟ್ ಕೊಡುವುದು ತಪ್ಪಲ್ಲ. ಆದರೆ ಅದರ ಕೆಳಗೆ ದಿನದ ಕನಿಷ್ಠ ದರ ಯಾವಾಗಲೂ ಇರುತ್ತದೆ. ಸರ್ಕಾರ ಆ ಕೆಲಸಕ್ಕೆ ಪೀಸಿನ ದರ ನಿಗದಿ ಮಾಡದೆ ದಿನದ ಅಥವಾ ತಿಂಗಳ ದರ ಮಾತ್ರ ನಿಗದಿ ಮಾಡಿದ್ದರೆ, ಪೀಸ್ ಕೆಲಸದವರಿಗೂ ಆ ದರಕ್ಕಿಂತ ಕಡಿಮೆ ಸಿಗಬಾರದು. ಲೆಕ್ಕಕ್ಕೆಂದು ಒಂದು ಅಂಕಿ ಇಟ್ಟುಕೊಳ್ಳೋಣ, ಇದು ನಿಜವಾದ ದರವಲ್ಲ. ದಿನದ ಕನಿಷ್ಠ ದರ 480 ರೂಪಾಯಿ ಎನ್ನಿ. ಒಬ್ಬರು ಇವತ್ತು ಪೀಸ್ ಲೆಕ್ಕದಲ್ಲಿ 560 ದುಡಿದರೆ 560 ಕೊಡಬೇಕು. ಇನ್ನೊಬ್ಬರ ಪೀಸು ಲೆಕ್ಕ ಹಾಕಿದರೆ 400 ಬಂತು. ಅವರಿಗೆ 480 ಕೊಡಬೇಕು, 80 ನಿಮ್ಮ ಕಡೆಯಿಂದ ಸೇರಬೇಕು. ಮೊನ್ನೆ 560 ದುಡಿದಿದ್ದಾರಲ್ಲ, ಇವತ್ತಿನ 400ರ ಜೊತೆ ಸೇರಿಸಿ ಸರಾಸರಿ ಸರಿಹೋಯಿತು ಎಂದು ಹೊಂದಿಸುವುದು ಸರಿಯಲ್ಲ. ದಿನಗೂಲಿಯವರಿಗೆ ಪ್ರತಿ ದಿನವೂ ಬೇರೆ ಲೆಕ್ಕ.

ಪೀಸ್ ರೇಟ್ ಹೇಗೆ ಕಟ್ಟಬೇಕು ಎಂದರೆ, ತುಂಬಾ ಚುರುಕಾಗಿ ಕೆಲಸ ಮಾಡುವವರನ್ನು ನೋಡಿ ಕಟ್ಟಬಾರದು. ಸಾಧಾರಣ ವೇಗದವರು ಎಂಟು ಗಂಟೆಯಲ್ಲಿ, ಊಟ ಟೀ ಬಿಟ್ಟು, ಎಷ್ಟು ಹೊಲಿಯುತ್ತಾರೆ ನೋಡಿ. 60 ಕಾಲರ್ ಆದರೆ, ನಮ್ಮ 480ರ ಉದಾಹರಣೆಯಲ್ಲಿ ಒಂದು ಕಾಲರ್‌ಗೆ ಕನಿಷ್ಠ 8 ರೂಪಾಯಿ. ಅರ್ಧಕ್ಕರ್ಧ ಜನ ದಿನದ ದರ ಮುಟ್ಟದೇ ಇದ್ದರೆ ಅವರ ಕೈ ನಿಧಾನ ಎಂದುಕೊಳ್ಳಬೇಡಿ. ರೇಟ್ ತಪ್ಪಿದೆ ಎಂದೇ ತಿಳಿಯಿರಿ.

ಬಟ್ಟೆ ಬಂದಿಲ್ಲ, ಕರೆಂಟ್ ಹೋಯಿತು, ಮಷಿನ್ ಕೆಟ್ಟಿತು ಎಂದು ಮಧ್ಯಾಹ್ನವೇ ಮನೆಗೆ ಕಳಿಸುತ್ತೀರಾ? ಪೀಸ್ ಲೆಕ್ಕದ ಘಟಕಗಳಲ್ಲಿ ಇದು ತೀರಾ ಮಾಮೂಲು, ಅದಕ್ಕೇ ಕೇಳುತ್ತಿದ್ದೇನೆ. ಕೆಲಸಕ್ಕೆ ಬಂದವರು ದುಡಿಯಲು ತಯಾರಿದ್ದು, ಕೆಲಸ ಕೊಡಲು ನಿಮಗೆ ಆಗದಿದ್ದರೆ, ಅವರಿಗೆ ಇಡೀ ದಿನದ ಕನಿಷ್ಠ ವೇತನ ಸಲ್ಲಬೇಕು. ಇದು ಸಂಹಿತೆಯ 10ನೇ ಸೆಕ್ಷನ್. ಅವರೇ ಕೆಲಸ ಬೇಡವೆಂದು ಎದ್ದು ಹೋದರೆ ಮಾತ್ರ ಬೇರೆ ಮಾತು. ಹಾಗೆಯೇ ಆರ್ಡರ್ ತುರ್ತು ಎಂದು ನಿಗದಿತ ಹೊತ್ತು ಮೀರಿ ಕೂರಿಸಿಕೊಂಡರೆ, ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ದರ. ರಾತ್ರಿ ಎಂಟರ ತನಕ ಕೂತರೆ ಕಾಫಿ, ತಿಂಡಿ ಕೊಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ಕೊಡಿ, ಒಳ್ಳೆಯದು. ಓಟಿ ಬೇರೆ ಕೊಡಲೇಬೇಕು.

ಇನ್ನು ನಿಮಗೆ ಅನ್ವಯಿಸುವ ದರ ಎಷ್ಟು ಎಂಬುದನ್ನು ನೀವೇ ನೋಡಿಕೊಳ್ಳಬೇಕು. ರಾಜ್ಯ ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ಅದು ಇರುತ್ತದೆ. ಓದುವಾಗ ನಾಲ್ಕು ವಿಷಯ ಗಮನಿಸಿ: ಯಾವ ಉದ್ಯಮದ ಅಧಿಸೂಚನೆ, ನಿಮ್ಮ ಊರು ಯಾವ ವಲಯ, ಆ ಕೆಲಸ ಅಕುಶಲವೋ ಅರೆಕುಶಲವೋ ಕುಶಲವೋ, ಮತ್ತು ಈ ವರ್ಷದ ತುಟ್ಟಿಭತ್ಯೆ ಎಷ್ಟು. ಕೊನೆಯದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅಧಿಸೂಚನೆಯಲ್ಲಿ ಕಾಣುವ ಮೂಲ ದರವನ್ನೇ ಪೂರ್ತಿ ವೇತನ ಎಂದುಕೊಳ್ಳುತ್ತಾರೆ. ಕರ್ನಾಟಕದಲ್ಲಿ ಬೆಲೆ ಸೂಚ್ಯಂಕ ನೋಡಿ ಪ್ರತಿ ವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಬದಲಾಗುತ್ತದೆ. ಮೂಲ ದರ ಮತ್ತು ಈ ವರ್ಷದ ತುಟ್ಟಿಭತ್ಯೆ ಸೇರಿದರೇ ಕನಿಷ್ಠ ವೇತನ. ಹೋದ ವರ್ಷ ಸರಿಯಾಗಿದ್ದ ಸಂಬಳ ಈ ಏಪ್ರಿಲ್‌ನಲ್ಲಿ ಕಡಿಮೆಯಾಗಿರಬಹುದು. ಇನ್ನೊಂದು, ಕೆಲಸದ ದರ್ಜೆಯನ್ನು ನೀವು ಇಟ್ಟ ಹೆಸರು ತೀರ್ಮಾನಿಸುವುದಿಲ್ಲ. ಮಷಿನ್ ಮೇಲೆ ಕೂತು ಪೂರ್ತಿ ಅಂಗಿ ಹೊಲಿಯುವವರನ್ನು ಹೆಲ್ಪರ್ ಎಂದು ಬರೆದುಕೊಂಡು ಹೆಲ್ಪರ್ ದರ ಕೊಡುವಂತಿಲ್ಲ. ನಿಮ್ಮ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಕೇಳಿದರೂ ಹೇಳುತ್ತಾರೆ. ಹೆದರಿಕೊಂಡು ದೂರ ಇರಬೇಡಿ. ಹೊಸ ಸಂಹಿತೆಯಲ್ಲಿ ತಪಾಸಣೆ ಮಾಡುವವರಿಗೇ ಮಾಲೀಕರಿಗೆ ಮಾಹಿತಿ, ಸಲಹೆ ಕೊಡುವ ಕೆಲಸವನ್ನೂ ವಹಿಸಿದ್ದಾರೆ.

ತಿಂಗಳ ಸಂಬಳದವರಿದ್ದರೆ ಪೇ ಸ್ಲಿಪ್ ಹೇಗೆ ಬರೆದಿದ್ದೀರಿ ಎಂಬುದನ್ನೂ ನೋಡಬೇಕು. ಹಳೆಯ ಕಾಯ್ದೆಯಲ್ಲಿ ಮನೆ ಬಾಡಿಗೆ ಭತ್ಯೆಯನ್ನೂ ವೇತನದೊಳಗೆ ಎಣಿಸುತ್ತಿದ್ದರು. ಈಗ ಕನಿಷ್ಠ ವೇತನದ ಲೆಕ್ಕಕ್ಕೆ ಅದು ಬರುವುದಿಲ್ಲ. ಓಡಾಟದ ಭತ್ಯೆ, ಓಟಿ, ಕಮಿಷನ್, ಬೋನಸ್, ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲು, ಇವೂ ಹೊರಗೆ. ಹೀಗೆ ಹೊರಗಿಟ್ಟ ಬಾಬ್ತುಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ಮಾತ್ರ ಮತ್ತೆ ವೇತನಕ್ಕೆ ಸೇರಿಸುತ್ತಾರೆ. ಒಂದು ಉದಾಹರಣೆ. ಒಟ್ಟು 13,000 ಕೊಡುತ್ತೀರಿ. ಮೂಲ ವೇತನ ಮತ್ತು ತುಟ್ಟಿಭತ್ಯೆ 8,000, ಮನೆ ಬಾಡಿಗೆ ಭತ್ಯೆ 3,000, ಓಡಾಟಕ್ಕೆ 2,000. ಹೊರಗಿಟ್ಟದ್ದು 5,000, ಅದು ಅರ್ಧಕ್ಕಿಂತ ಕಡಿಮೆ. ಹಾಗಾಗಿ ಕಾನೂನಿನ ಕಣ್ಣಲ್ಲಿ ನೀವು ಕೊಟ್ಟ ವೇತನ 8,000. ಕನಿಷ್ಠ ದರ 12,000 ಇದ್ದರೆ, 13,000 ಕೊಟ್ಟ ಮೇಲೂ ನೀವು 4,000 ಕಡಿಮೆ ಕೊಟ್ಟಂತೆ. ಬಹಳಷ್ಟು ಚಿಕ್ಕ ಘಟಕಗಳು ಇನ್ನೂ ಹಳೆಯ ಪೇ ಸ್ಲಿಪ್ಪನ್ನೇ ನಡೆಸುತ್ತಿವೆ. ದಯವಿಟ್ಟು ಈ ತಿಂಗಳೇ ನಿಮ್ಮದನ್ನು ತೆಗೆದು ನೋಡಿ.

ಕೊಟ್ಟ ರೂಮಿನ ಬೆಲೆಯನ್ನು ವೇತನದ ಭಾಗವೆಂದು ಎಣಿಸುವಂತಿಲ್ಲ. ಅವರ ವೇತನವನ್ನು ಪೂರ್ತಿ ಕನಿಷ್ಠ ದರಕ್ಕೇ ಲೆಕ್ಕ ಹಾಕಬೇಕು. ಆಮೇಲೆ, ಮಾಲೀಕರು ಒದಗಿಸಿದ ವಸತಿಗೆಂದು ಕಡಿತ ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಅದು ಪುಸ್ತಕದಲ್ಲಿ, ಪೇ ಸ್ಲಿಪ್‌ನಲ್ಲಿ ಬೇರೆಯಾಗಿ ಕಾಣಬೇಕು. ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧ ದಾಟಬಾರದು. ಸೂಜಿ, ದಾರ, ಕತ್ತರಿ, ಮಷಿನ್ ಎಣ್ಣೆ ಎಂದು ಹಿಡಿಯುವ ಪದ್ಧತಿ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ. ಕೆಲಸಕ್ಕೆ ಬೇಕಾದ ಸಲಕರಣೆ ಮತ್ತು ಕಚ್ಚಾ ಮಾಲಿನ ಖರ್ಚನ್ನು ಕೂಲಿಯಿಂದ ಹಿಡಿಯಲು ಬರುವುದಿಲ್ಲ. ಬಟ್ಟೆ ಹಾಳಾಯಿತು ಎಂದು ಹಿಡಿಯುವುದಾದರೆ, ಆ ಬಟ್ಟೆ ಅವರ ವಶಕ್ಕೇ ಕೊಟ್ಟದ್ದಾಗಿರಬೇಕು, ನಷ್ಟ ಅವರ ಅಜಾಗರೂಕತೆಯಿಂದಲೇ ಆಗಿರಬೇಕು, ಅವರ ಮಾತು ಕೇಳಿರಬೇಕು, ನಷ್ಟದಷ್ಟೇ ಹಿಡಿಯಬೇಕು. ತಡವಾಗಿ ಬಂದರೆಂದು ದಂಡ ಹಾಕುವುದಕ್ಕೂ ಮಿತಿ ಇದೆ. ಆ ಅವಧಿಯ ವೇತನದ ಶೇ 3ಕ್ಕಿಂತ ಜಾಸ್ತಿ ದಂಡ ಹಾಕುವಂತಿಲ್ಲ, ಅದೂ ಕಾರಣ ಕೇಳಿದ ಮೇಲೆ.

14 ಜನ ಇರುವುದರಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ನಿಮಗೆ ಬರುತ್ತದೆ. 21,000 ರೂಪಾಯಿ ತನಕ ವೇತನ ಇರುವವರಿಗೆ ನೌಕರರ ಪಾಲು ಶೇ 0.75, ನಿಮ್ಮ ಪಾಲು ಶೇ 3.25. ಎರಡನ್ನೂ ನೌಕರರ ಸಂಬಳದಿಂದಲೇ ಹಿಡಿಯುವವರನ್ನು ನೋಡಿದ್ದೇನೆ. ಅದು ದೊಡ್ಡ ಅಪರಾಧ. ನಿಮ್ಮ ಪಾಲು ನಿಮ್ಮ ಜೇಬಿನಿಂದಲೇ ಹೋಗಬೇಕು.

ಕಲಿಯಲು ಬಂದವರ ಅರ್ಧ ಕೂಲಿ ನಿಲ್ಲುವುದಿಲ್ಲ. ಕಾನೂನು ಹೊರಗಿಟ್ಟಿರುವುದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡು, ನೋಂದಣಿ ಮಾಡಿಸಿ ತೆಗೆದುಕೊಂಡ ಅಪ್ರೆಂಟಿಸ್‌ಗಳನ್ನು ಮಾತ್ರ. ಸುಮ್ನೆ ಟ್ರೈನಿ ಎಂದು ಕರೆದರೆ ಆಗುವುದಿಲ್ಲ. ಮೊದಲ ದಿನದಿಂದಲೇ ಅವರು ನೌಕರರು. ಹೊಸಬರಿಗೆ ಸಲ್ಲುವ ಅಕುಶಲ ದರ್ಜೆಯ ದರ ಕೊಡಿ, ಕೈ ಕುದುರಿದ ಮೇಲೆ ಮೇಲಿನ ದರ್ಜೆಗೆ ಏರಿಸಿ.

ಹೆಂಗಸರೇ ಹೆಚ್ಚು ಎಂದಿದ್ದೀರಿ. ಒಂದೇ ಥರದ ಕೆಲಸಕ್ಕೆ ಗಂಡಸರಿಗೊಂದು ದರ, ಹೆಂಗಸರಿಗೊಂದು ದರ ಇದ್ದರೆ ಅದನ್ನೂ ಸರಿಮಾಡಬೇಕು. ಸರಿಮಾಡುವುದು ಎಂದರೆ ಕಡಿಮೆ ಇರುವವರದ್ದನ್ನು ಏರಿಸುವುದು. ಜಾಸ್ತಿ ಇರುವವರದ್ದನ್ನು ಇಳಿಸಲು ಕಾನೂನು ಬಿಡುವುದಿಲ್ಲ.

ಏಜೆನ್ಸಿ ಕಡೆಯವರ ವಿಷಯದಲ್ಲಿ ನೀವು ನಿಶ್ಚಿಂತೆಯಿಂದ ಇದ್ದಂತೆ ಕಾಣುತ್ತದೆ. ಬಿಲ್ ಕಟ್ಟಿದ್ದೇನೆ, ಅವರ ಸಂಬಳ ಏಜೆನ್ಸಿಯ ಜವಾಬ್ದಾರಿ ಎಂದು. ಮೊದಲ ಜವಾಬ್ದಾರಿ ಏಜೆನ್ಸಿಯದ್ದೇ, ನಿಜ. ಸಂಹಿತೆಯಲ್ಲಿ ಮಾಲೀಕ ಎಂಬ ಪದದೊಳಗೆ ಗುತ್ತಿಗೆದಾರರೂ ಬರುತ್ತಾರೆ. ಆದರೆ ಅವರು ಕೊಡದೇ ಹೋದರೆ? ಆ ನೌಕರರು ಕೆಲಸ ಮಾಡುವ ಸಂಸ್ಥೆಯ ಒಡೆಯರೇ ಹೊಣೆ ಎಂದು 43ನೇ ಸೆಕ್ಷನ್ ಹೇಳುತ್ತದೆ. ಒಂದೇ ತಿಂಗಳಿಗೆ ಎರಡು ಸಲ ದುಡ್ಡು ಕಟ್ಟುವ ಪರಿಸ್ಥಿತಿ ಬರಬಹುದು. ಆದ್ದರಿಂದ ಏಜೆನ್ಸಿಯ ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಿ. ವಾಚ್‌ಮನ್ ಒಬ್ಬರೇ 12 ಗಂಟೆ ಡ್ಯೂಟಿ ಮಾಡುತ್ತಿದ್ದರೆ, ಎಂಟು ಗಂಟೆಯ ಕನಿಷ್ಠ ದರ, ಮೇಲಿನ ಹೊತ್ತಿನ ಓಟಿ, ಪಿಎಫ್ ಮತ್ತು ಇಎಸ್‌ಐ, ಇಷ್ಟೂ ಸೇರಿದ ಮೇಲೆ ಏಜೆನ್ಸಿಯ ಕಮಿಷನ್ ಬರಬೇಕು. ನೀವು ಕಟ್ಟುವ ಬಿಲ್ಲೇ ಈ ಮೊತ್ತಕ್ಕಿಂತ ಕಡಿಮೆ ಇದ್ದರೆ, ಆ ವಾಚ್‌ಮನ್‌ಗೆ ಕನಿಷ್ಠ ವೇತನ ಸಿಗುತ್ತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪ್ರತಿ ತಿಂಗಳು ಬಿಲ್ ಪಾಸ್ ಮಾಡುವ ಮೊದಲು ಹಿಂದಿನ ತಿಂಗಳು ಅವರ ಖಾತೆಗೆ ದುಡ್ಡು ಹಾಕಿದ ಬ್ಯಾಂಕ್ ದಾಖಲೆ ಕೇಳಿ. ಅದಕ್ಕಿಂತ ಮುಖ್ಯವಾಗಿ, ಆ ವಾಚ್‌ಮನ್ ಹತ್ತಿರ ನೀವೇ ಕೂತು ಎಷ್ಟು ಕೈಗೆ ಬರುತ್ತಿದೆ ಎಂದು ವಿಚಾರಿಸಿ.

ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಆಗಬೇಕು. ವಾರದ ಬಟವಾಡೆಯಾದರೆ ವಾರದ ರಜೆಗೆ ಮೊದಲು, ದಿನಗೂಲಿಯಾದರೆ ಕೆಲಸ ಮುಗಿದ ಹೊತ್ತಿಗೆ. ಕೆಲಸ ಬಿಟ್ಟವರಿಗೆ, ತೆಗೆದುಹಾಕಿದವರಿಗೆ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಬೇಕು. ಕಂಪನಿಯಿಂದ ಪೇಮೆಂಟ್ ಬಂದಿಲ್ಲ ಎಂಬ ಕಾರಣ ಇಲ್ಲಿ ನಡೆಯುವುದಿಲ್ಲ.

ದಾಖಲೆಯ ಬಗ್ಗೆ ಚಿಕ್ಕ ಘಟಕಗಳವರು ತುಂಬಾ ಉದಾಸೀನ ಮಾಡುತ್ತಾರೆ. ನೌಕರರು ಕಡಿಮೆ ಕೊಟ್ಟಿದ್ದಾರೆ ಎಂದು ದೂರು ಕೊಟ್ಟರೆ, ಸರಿಯಾಗಿ ಕೊಟ್ಟಿದ್ದೇನೆ ಎಂದು ತೋರಿಸುವ ಹೊರೆ ಮಾಲೀಕರ ಮೇಲೆ. ಇದು 59ನೇ ಸೆಕ್ಷನ್. ಕೈಯಲ್ಲಿ ನಗದು ಕೊಟ್ಟೆ, ಪುಸ್ತಕದಲ್ಲಿ ಬರೆಯಲಿಲ್ಲ ಎಂದರೆ ಕೊಟ್ಟೇ ಇಲ್ಲ ಎಂದಾಗಬಹುದು. ಹಾಜರಿ ಪುಸ್ತಕ, ವೇತನದ ರಿಜಿಸ್ಟರ್, ಪ್ರತಿಯೊಬ್ಬರಿಗೂ ಪೇ ಸ್ಲಿಪ್, ಗೋಡೆಯ ಮೇಲೆ ದರಗಳ ಪಟ್ಟಿ, ಇವು ಕಡ್ಡಾಯ. ಪೀಸ್ ಕೆಲಸದವರಿಗೆ ದಿನಕ್ಕೆ ಎಷ್ಟು ಪೀಸು, ಎಷ್ಟು ಗಂಟೆ ಎಂಬ ಎರಡನ್ನೂ ಬರೆಯಿರಿ. ಗಂಟೆ ಬರೆಯದಿದ್ದರೆ ಕನಿಷ್ಠ ದರ ಮುಟ್ಟಿದೆಯೋ ಇಲ್ಲವೋ ತೋರಿಸುವುದೇ ಕಷ್ಟ. ಸಂಬಳ ಬ್ಯಾಂಕ್ ಖಾತೆಗೆ ಹೋದರೆ ನಿಮಗೂ ಕ್ಷೇಮ.

ಕೇಸ್ ಆಗುತ್ತದೆ ಎಂದು ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಡಿಮೆ ವೇತನ ಕೊಟ್ಟರೆ 50,000 ರೂಪಾಯಿ ತನಕ ದಂಡ. ಒಮ್ಮೆ ಶಿಕ್ಷೆಯಾದವರು ಐದು ವರ್ಷದೊಳಗೆ ಮತ್ತೆ ಅದನ್ನೇ ಮಾಡಿದರೆ ಮೂರು ತಿಂಗಳ ತನಕ ಜೈಲು, ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಆದರೆ ದಂಡಕ್ಕಿಂತ ಭಾರವಾದದ್ದು ಬಾಕಿ. ದಿನಕ್ಕೆ ಒಬ್ಬರಿಗೆ 80 ರೂಪಾಯಿ ಕಡಿಮೆ ಕೊಡುತ್ತಿದ್ದೀರಿ ಎಂದುಕೊಳ್ಳಿ. ತಿಂಗಳಿಗೆ 26 ದಿನಕ್ಕೆ 2,080. 14 ಜನಕ್ಕೆ 29,120. ಹೀಗೆ ಮೂರು ವರ್ಷ ನಡೆದರೆ 10,48,320 ರೂಪಾಯಿ. ಬಾಕಿ ಕೇಳಲು ಹಳೆಯ ಕಾಯ್ದೆಯಲ್ಲಿ ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಈ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸುವ ಅಧಿಕಾರ ಇಂಥ ದೂರು ವಿಚಾರಿಸುವ ಪ್ರಾಧಿಕಾರಕ್ಕೆ ಇದೆ. ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ. ದೂರನ್ನು ನೌಕರರೇ ಕೊಡಬೇಕು ಎಂದೂ ಇಲ್ಲ. ಯೂನಿಯನ್ ಕೊಡಬಹುದು, ಇಲಾಖೆಯ ಅಧಿಕಾರಿಯೇ ಕೊಡಬಹುದು.

ಕೊನೆಗೆ ಕಂಪನಿಯ ರೇಟ್. ನಿಮ್ಮ ಕಷ್ಟ ನಿಜವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಸದ್ಯಕ್ಕೆ ನಿಮ್ಮ ಲೆಕ್ಕ ತಲೆಕೆಳಗಾಗಿದೆ. ಕಂಪನಿ ಕೊಡುವ ರೇಟಿನಿಂದ ಬಾಡಿಗೆ, ಕರೆಂಟು, ಸಾಗಾಟ ಕಳೆದು ಉಳಿದದ್ದನ್ನು ಕೂಲಿಗೆ ಹಂಚುತ್ತಿದ್ದೀರಿ. ಕೂಲಿಯನ್ನು ಮೊದಲು ಬರೆದುಕೊಳ್ಳಿ. ಒಂದು ಅಂಗಿಗೆ ಎಷ್ಟು ನಿಮಿಷದ ದುಡಿಮೆ ಬೇಕು, ಕನಿಷ್ಠ ದರದಲ್ಲಿ ಅದಕ್ಕೆ ಎಷ್ಟಾಗುತ್ತದೆ, ಇಎಸ್‌ಐ ಎಷ್ಟು ಎಂದು ಒಂದು ಹಾಳೆಯಲ್ಲಿ ಹಾಕಿ, ಅಧಿಸೂಚನೆಯ ಪ್ರತಿ ಜೊತೆಗಿಟ್ಟು ಕಂಪನಿಗೆ ಕಳಿಸಿ. ಮುಂದಿನ ಆರ್ಡರ್ ಕರಾರಿನಲ್ಲಿ, ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದಷ್ಟು ರೇಟೂ ಏರಬೇಕು ಎಂಬ ಸಾಲು ಸೇರಿಸಲು ಕೇಳಿ. ಕಾನೂನು ಪಾಲಿಸುವ ಘಟಕ ಬೇಕು ಎಂದು ಹೇಳಿಕೊಳ್ಳುವ ಕಂಪನಿಗಳಿಗೆ ಇಂಥ ಲೆಕ್ಕವನ್ನು ತಳ್ಳಿಹಾಕುವುದು ಸುಲಭವಲ್ಲ. ಕೂಲಿಯೇ ಹುಟ್ಟದ ಆರ್ಡರ್ ಇದ್ದರೆ ಅದನ್ನು ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅಂಥ ಆರ್ಡರ್‌ನಲ್ಲಿ ನೀವು ಉಳಿಸುವ ಪ್ರತಿ ರೂಪಾಯಿಯೂ ಬಾಕಿಯ ಲೆಕ್ಕಕ್ಕೇ ಸೇರುತ್ತಾ ಹೋಗುತ್ತದೆ.

ಹಿಂದಿನ ಬಾಕಿಯ ವಿಷಯದಲ್ಲಿ, ದೂರು ಬರುವ ತನಕ ಕಾಯಬೇಡಿ. ಯಾರಿಗೆ ಯಾವ ತಿಂಗಳು ಎಷ್ಟು ಕಡಿಮೆಯಾಗಿದೆ ಎಂಬ ಪಟ್ಟಿಯನ್ನು ನೀವೇ ಮಾಡಿ. ಅವರನ್ನೆಲ್ಲ ಕೂರಿಸಿಕೊಂಡು ತೋರಿಸಿ. ಒಂದೇ ಸಲ ಆಗದಿದ್ದರೆ ಎಷ್ಟು ತಿಂಗಳಲ್ಲಿ ತೀರಿಸುತ್ತೀರಿ ಎಂದು ಬರೆದುಕೊಡಿ, ದುಡ್ಡನ್ನು ಬ್ಯಾಂಕ್ ಮೂಲಕವೇ ಹಾಕಿ, ಬಾಕಿ ವೇತನ ಎಂದು ಪೇ ಸ್ಲಿಪ್‌ನಲ್ಲಿ ಬೇರೆ ಸಾಲಿನಲ್ಲಿ ತೋರಿಸಿ. ಪೂರ್ತಿ ಚುಕ್ತಾ ಆಯಿತು, ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂದು ಬರೆಸಿಕೊಳ್ಳಲು ಮಾತ್ರ ಹೋಗಬೇಡಿ. ಆ ಸಾಲಿಗೂ ಹಳೆಯ ಸ್ಟ್ಯಾಂಪ್ ಪೇಪರಿಗೆ ಇರುವಷ್ಟೇ ಬೆಲೆ. ಕೊಟ್ಟ ಮೊತ್ತಕ್ಕೆ, ಕೊಟ್ಟ ತಾರೀಖಿಗೆ ರಸೀದಿ ತೆಗೆದುಕೊಳ್ಳಿ, ಅಷ್ಟು ಸಾಕು.